ಬೇಷ್ ಗಿಟಾರಿನ ಚಾಚಾ

ಚಾಚಾ ತೀರಿಕೊಂಡು ಕೆಲವು ತಿಂಗಳಾದ ಮೇಲೆ ಸವಣೂರಿನಿಂದ ಚಾಚಿಯ ಫೋನು ಬಂತು. ಗಂಡ ಹೋದ ಮೇಲೆ ಹೆಂಗಸು ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಆಗಷ್ಟೇ ಮುಗಿದಿದ್ದವು. ಮಳೆ, ಮಕ್ಕಳು, ಮನೆಯವರು ಎಂದೆಲ್ಲ ವಿಚಾರಿಸಿದ ಮೇಲೆ ಅವರು ವಿಷಯಕ್ಕೆ ಬಂದರು.

"ಆ ಶಿಗ್ಗಾಂವಿ ಮದುವಿ ವಿಡಿಯೋ ಐತಲ್ಲ ಬೇಟಾ, ಅದರಾಗ ನಿನ್ನ ದನಿ ಕೇಳತೈತಿ, ಪ್ಯಾಡಿನ ಸಪ್ಪಳ ಕೇಳತೈತಿ, ಮಂದಿ ಕೆಮ್ಮಿದ್ದೂ ಕೇಳತೈತಿ. ಅವರ್ದು ಯಾಕ ಕೇಳವಲ್ದು? ಬೆರಳ ಆಡತಾವ, ದನಿ ಬರವಲ್ದು."

ಫೋನಿನ ಸಣ್ಣ ಸ್ಪೀಕರಿನಲ್ಲಿ ಚಾಚಾನ ಗಿಟಾರಿನ ಆ ದಪ್ಪ ದನಿ ಹಿಡಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಗಿಳಿಯ ಪಂಜರದಲ್ಲಿ ಎಮ್ಮೆ ಕಟ್ಟು ಅಂದರೆ ಹೇಗಾದೀತು? ಆದರೆ ಗಂಡನ ಬೆರಳು ಆಡುವುದನ್ನು ದಿನವೂ ನೋಡುತ್ತ, ದನಿಗಾಗಿ ಫೋನನ್ನು ಕಿವಿಗೆ ಒತ್ತಿಕೊಂಡು ಕುಳಿತ ಹೆಂಗಸಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ.

"ದನಿ ಅದರೊಳಗ ಐತಿ ಚಾಚಿ. ಹೊರಗ ಬರಾಕ ದೊಡ್ಡ ಬಾಕ್ಸ್ ಬೇಕು. ನಾ ಬಂದು ಕೇಳಸ್ತೇನಿ," ಎಂದು ಮಾತು ಕೊಟ್ಟೆ. ಮಾತು ಕೊಟ್ಟದ್ದು ಅವರೊಬ್ಬರಿಗಷ್ಟೇ ಅಲ್ಲ. ಆ ದನಿಗಾಗಿ ನಾನೂ ಬಹಳ ಕಾಲದಿಂದ ಹಸಿದಿದ್ದೆ.

ನಾನು ಹಿರೇಕೆರೂರಿನವಳು. ಈಗ ಪಕ್ಕದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರು. ನನ್ನ ಈಗಿನ ಶ್ರೋತೃಗಳು ಹಾಡಿನ ನಡುವೆಯೇ ಚಡ್ಡಿ ಒದ್ದೆ ಮಾಡಿಕೊಳ್ಳುವವರು. ಆದರೆ ಮದುವೆಗೆ ಮುಂಚೆ, ಮದುವೆಯಾದ ಮೇಲೂ ಕೆಲವು ವರ್ಷ, ಹಾನಗಲ್ಲಿನ ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಮದುವೆ, ಉರುಸು, ಗಣಪತಿ, ಯಾವುದೋ ಸಂಘದ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಟೆಂಪೋ ಹತ್ತುವವರು ನಾವು. ಮಾಲೀಕರೇ ಕೀಬೋರ್ಡು ನುಡಿಸುತ್ತಿದ್ದರು. ಶಿಗ್ಗಾಂವಿಯವನೊಬ್ಬ ತಾಳಕ್ಕೆ ಪ್ಯಾಡ್ ಬಾರಿಸುತ್ತಿದ್ದ. ವೇದಿಕೆಯ ಮೂಲೆಯಲ್ಲಿ ಒಂದು ಕಬ್ಬಿಣದ ಕುರ್ಚಿ, ಅದರ ಮೇಲೆ ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ಸವಣೂರಿನವರು, ಚಾಚಾನ ತೊಡೆಯ ಮೇಲೆ ಗಿಟಾರು.

ಮೊದಲ ಸಲ ಅದನ್ನು ಕಂಡದ್ದು ತಾಲೀಮಿನ ಕೋಣೆಯಲ್ಲಿ. ಹಾನಗಲ್ಲಿನ ಒಂದು ಗಿರಣಿಯ ಮಾಳಿಗೆ ಅದು. ಕೆಳಗೆ ಮೆಣಸಿನಕಾಯಿ ಬೀಸುವ ದಿನ ಮೇಲೆ ನಾವೆಲ್ಲ ತಾಳ ತಪ್ಪದೆ ಸೀನುತ್ತಿದ್ದೆವು. ನಾನು ಒಳಗೆ ಕಾಲಿಟ್ಟಾಗ ಒಬ್ಬ ಸಣ್ಣಾಳು, ಬಿಳಿ ಟೊಪ್ಪಿಗೆ ಹಾಕಿಕೊಂಡವರು, ತಮಗೆ ತಕ್ಕ ಅಳತೆಯ ಗಿಟಾರೊಂದನ್ನು ಒರೆಸುತ್ತಿದ್ದರು. ಹುಣಸೆ ಬೀಜದ ಬಣ್ಣ, ಅಂಚಿನಲ್ಲೆಲ್ಲ ಬಣ್ಣ ಸವೆದು ಕಟ್ಟಿಗೆ ಕಾಣುತ್ತಿತ್ತು. ನಾಲ್ಕೇ ತಂತಿ, ಗಿಡ್ಡ ಕುತ್ತಿಗೆ. ಯಾರದೋ ಮಗುವಿನದಿರಬೇಕು ಅಂದುಕೊಂಡು, "ಮೊಮ್ಮಗಂದೇನ್ರಿ?" ಎಂದು ಕೇಳಿಬಿಟ್ಟೆ.

"ಇಲ್ಲವ್ವ, ನಂದ. ನನಗಿಂತ ನಾಕ ವರ್ಷ ಸಣ್ಣದು," ಎಂದರು ಚಾಚಾ. "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತಾರಲ್ಲ, ಅದು ನನಗ ಸಲ್ಲೂದಿಲ್ಲ, ಇದಕ್ಕ ಸಲ್ಲತೈತಿ."

ಅದು ಜಪಾನಿನಲ್ಲಿ ಆದದ್ದಂತೆ. ಯಾವ ಹಡಗಿನಲ್ಲಿ ಬಂತೋ, ಮುಂಬಯಿಯ ಯಾವುದೋ ಹೋಟೆಲಿನ ಬ್ಯಾಂಡಿನಲ್ಲಿ ದುಡಿದು, ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಲ್ಲಿ ತೂಗುಬಿದ್ದಿದ್ದಾಗ ಚಾಚಾನ ಕಣ್ಣಿಗೆ ಬಿತ್ತು. ಹಾಡಿಗೆ ಕೆಳಗಿನಿಂದ ದಪ್ಪ ಸ್ವರದ ಆಸರೆ ಕೊಡುವ ಈ ಬೇಸ್ ಗಿಟಾರುಗಳ ಕುತ್ತಿಗೆ ಸಾಮಾನ್ಯವಾಗಿ ಉದ್ದ, ಎಡಗೈಯನ್ನು ಪೂರ್ತಿ ಚಾಚಬೇಕು, ಬೆರಳು ಅಗಲಿಸಬೇಕು. ಚಾಚಾನ ಕೈ ಸಣ್ಣದು, ಬೆರಳು ಮೊಂಡು. ಇದರಲ್ಲಿ ಎಲ್ಲ ಸ್ವರಗಳೂ ಕೈಯಳತೆಯಲ್ಲಿ ಒತ್ತೊತ್ತಾಗಿ ಕುಳಿತಿದ್ದವು. ಮೊಣಕೈಯನ್ನು ಪಕ್ಕೆಗೆ ಆನಿಸಿಕೊಂಡು, ಮನೆಯ ಕಟ್ಟೆಯ ಮೇಲೆ ಕುಳಿತು ಮಾತಾಡುವವರ ಹಾಗೆ ಅವರು ನುಡಿಸುತ್ತಿದ್ದರು. ಎಷ್ಟು ಹೊತ್ತು ನುಡಿಸಿದರೂ ಭುಜ ಹಿಡಿಯಿತು, ಕೈ ಸೋತಿತು ಎಂದು ಹೇಳಿದ್ದನ್ನು ನಾನು ಕೇಳಿಲ್ಲ.

ತಂತಿಯನ್ನು ಅವರು ಬದಲಿಸುತ್ತಿರಲಿಲ್ಲ. "ಹೊಸಾ ತಂತಿ ಹೊಸಾ ಅಳಿಯ ಇದ್ದಂಗ. ಭಾಳ ಮಾತಾಡತೈತಿ," ಅನ್ನುತ್ತಿದ್ದರು. ಸಾಲದ್ದಕ್ಕೆ ತಂತಿಗಳು ಕೊನೆಗೊಳ್ಳುವ ಕಡೆ, ಅವುಗಳ ಅಡಿಯಲ್ಲಿ, ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರಿನ ತುಂಡೊಂದನ್ನು ಸಿಗಿಸಿದ್ದರು. ಅದರಿಂದ ದನಿ ಗುಂಯ್ ಎಂದು ಎಳೆಯದೆ, ಗುಂ ಎಂದು ಬಂದು, ಕುಳಿತು, ಎದ್ದು ಹೋಗುತ್ತಿತ್ತು. ದಪ್ಪ ದನಿ, ಆದರೆ ಮೆತ್ತಗಿನದು. ಕಿವಿಗಿಂತ ಮೊದಲು ಹೊಟ್ಟೆಗೆ ತಾಗುವಂಥದು.

ಬೇಷ್ ಗಿಟಾರು ಎಂಬ ಹೆಸರು ಬಂದದ್ದು ಹತ್ತಿಮತ್ತೂರಿನ ಗಣಪತಿಯ ದೆಸೆಯಿಂದ. ಅಲ್ಲಿನ ಕಾರ್ಯಕ್ರಮಕ್ಕೆ ಕರಪತ್ರ ಅಚ್ಚು ಹಾಕಿಸಲು ನಮ್ಮ ಮಾಲೀಕರು ಕಲಾವಿದರ ಹೆಸರು ಬರೆದು ಕೊಟ್ಟಿದ್ದರು. ಚಾಚಾನ ಹೆಸರಿನ ಎದುರು 'ಬೇಸ್ ಗಿಟಾರ್' ಎಂದಿತ್ತು. ಪ್ರೆಸ್ಸಿನವನು ಓದು ಬಲ್ಲವನು. ಮಾಲೀಕರಿಗೆ ಕನ್ನಡ ಬರುವುದಿಲ್ಲ ಎಂದು ಕನಿಕರಪಟ್ಟು ತಾನೇ ತಿದ್ದಿದ. ಕರಪತ್ರ ಬಂದಾಗ ನೋಡಿದರೆ, ಒಂದು ಸಾಲಿನಲ್ಲಿ 'ಗಿಟಾರ್', ಅದರ ಕೆಳಗಿನ ಸಾಲಿನಲ್ಲಿ 'ಬೇಷ್ ಗಿಟಾರ್'.

ನಮ್ಮಲ್ಲಿ ಇನ್ನೊಬ್ಬ ಗಿಟಾರಿನವನಿದ್ದ, ತಲೆಗೂದಲು ಉದ್ದ ಬಿಟ್ಟವನು. ಅವನಿಗೆ ಮೂಗಿನ ಮೇಲೇ ಸಿಟ್ಟು. "ಅವರ್ದು ಬೇಷ್ ಆದ್ರ ನಂದೇನು ಖರಾಬ್ ಐತೇನು?" ಎಂದು ಕೇಳಿ ಟೆಂಪೋ ಹತ್ತದೆ ಹೋದ. ನಾವು ಅವನಿಲ್ಲದೆಯೇ ಹತ್ತಿಮತ್ತೂರಿಗೆ ಹೋದೆವು. ಊರವರಿಗೆ ಕರಪತ್ರ ಬಾಯಿಪಾಠವಾಗಿತ್ತು. ನಾಲ್ಕು ಹಾಡು ಆಗುವಷ್ಟರಲ್ಲಿ ಮುಂದೆ ಕುಳಿತ ಹಿರಿಯರೊಬ್ಬರು ಕೈಯೆತ್ತಿ, "ಹಾಡ ಸಾಕ್ರಿ. ಅದೇನೋ ಬೇಷ್ ಗಿಟಾರ್ ಅಂತ ಬರದೀರಲ್ಲ, ಅದನ್ನಷ್ಟ ಬಾರಿಸ್ರಿ, ಕೇಳೂಣು," ಎಂದರು.

ಬೇಸ್ ಗಿಟಾರನ್ನು ಒಂಟಿಯಾಗಿ ಬಾರಿಸುವುದು ಅಂದರೆ ಊಟಕ್ಕೆ ಕರೆದು ಬರೀ ಉಪ್ಪು ಬಡಿಸಿದ ಹಾಗೆ. ಚಾಚಾ ಮಾಲೀಕರ ಮುಖ ನೋಡಿದರು, ಮಾಲೀಕರು ಮೈಕಿನ ವೈರು ನೋಡತೊಡಗಿದರು. ಚಾಚಾ ಟೊಪ್ಪಿಗೆ ಸರಿಮಾಡಿಕೊಂಡು, ಯಾವ ಹಾಡೂ ಅಲ್ಲದ, ಸುಮ್ಮನೆ ಒಂದರ ಹಿಂದೆ ಒಂದು ಸ್ವರ ಇಡುತ್ತ ಹೋದರು. ಗದ್ದಲ ನಿಂತಿತು. ನಿಲ್ಲಿಸಿದಾಗ ಚಪ್ಪಾಳೆಯೇನೂ ಬೀಳಲಿಲ್ಲ. ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಮಾತ್ರ ಪಕ್ಕದವಳಿಗೆ, "ನಮ್ಮವ್ವ ಬೀಸಾಕ ಕುಂತಂಗಾತು ನೋಡು," ಎಂದದ್ದು ನಮಗೆಲ್ಲ ಕೇಳಿಸಿತು. ಬೀಸುಕಲ್ಲಿನ ದನಿ. ಅವತ್ತಿನಿಂದ ಅವರು ಬೇಷ್ ಚಾಚಾ ಆದರು. ಪ್ರೆಸ್ಸಿನವನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಯಾವಾಗಾದರೂ ಎದುರಾದರೆ ಅವನಿಗೊಂದು ಎಲೆಯಡಿಕೆ ಕೊಡುತ್ತಿದ್ದರು.

ಎಲೆ ಅವರ ಮನೆತನದ ವ್ಯಾಪಾರ. ಸವಣೂರಿನ ಎಲೆ ಎಂದರೆ ಸುತ್ತ ಏಳು ಊರಿಗೆ ಗೊತ್ತು. ತಮ್ಮ ವಾದ್ಯದ ಬಗ್ಗೆ ಕೇಳಿದರೂ ಅವರು ಎಲೆಯಡಿಕೆಯ ಭಾಷೆಯಲ್ಲೇ ಉತ್ತರ ಕೊಡುವವರು. ಒಮ್ಮೆ ನಾನು, "ಚಾಚಾ, ನೀವು ಬಾರಸೂದು ಮಂದೀಗೆ ಕೇಳಸೂದ ಇಲ್ಲಲ್ಲ, ಬ್ಯಾಸರ ಆಗೂದಿಲ್ಲೇನು?" ಎಂದೆ.

"ಎಲಿ ಕಾಣತೈತಿ, ಅಡಿಕಿ ಕಾಣತೈತಿ. ಸುಣ್ಣ ಕಾಣಬಾರದು. ಕಂಡ್ರ ಬಾಯಿ ಸುಡತೈತಿ," ಎಂದರು. "ಆದ್ರ ಅದಿಲ್ದ ಬಾಯಿ ಕೆಂಪಾಗೂದಿಲ್ಲ ಬೇಟಾ. ನಂದು ಸುಣ್ಣದ ಕೆಲಸ."

ನನ್ನ ಬಾಯಿ ಕೆಂಪಾಗಿಸಿದವರೂ ಅವರೇ. ನನ್ನದು ಹುಟ್ಟಾ ದಪ್ಪ ದನಿ. ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸಿದರೆ ಗಂಡುಮಕ್ಕಳ ಸಾಲಿನಲ್ಲಿ ನಿಲ್ಲು ಎಂದು ಟೀಚರು ಚಾಷ್ಟಿ ಮಾಡುತ್ತಿದ್ದರು. ಆರ್ಕೆಸ್ಟ್ರಾಕ್ಕೆ ಬಂದಾಗ ಮಾಲೀಕರು, ಹೆಣ್ಣು ಹಾಡೆಂದರೆ ಕೊಳಲಿನ ಹಾಗಿರಬೇಕು ಎಂದು ಎಲ್ಲವನ್ನೂ ಮೇಲಿನ ಶ್ರುತಿಯಲ್ಲಿ ಹಾಡಿಸುತ್ತಿದ್ದರು. ನಾನು ಕತ್ತಿನ ನರ ಉಬ್ಬಿಸಿಕೊಂಡು ಹತ್ತುತ್ತಿದ್ದೆ, ದನಿ ಕೆಳಗೆ ಜಾರುತ್ತಿತ್ತು, ಅವರು ಇನ್ನೂ ಮೇಲೆ ಅನ್ನುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಮ್ಮಿಬ್ಬರ ಸಂಗೀತ ಸಾಗಿತ್ತು. ಒಂದು ದಿನ ತಾಲೀಮಿನ ನಡುವೆ ನನ್ನ ದನಿ ಒಡೆದು ಕೆಮ್ಮು ಬಂತು. ನಾನು ನೀರು ಕುಡಿಯುತ್ತಿದ್ದಾಗ ಚಾಚಾ ಮಾಲೀಕರಿಗೆ ಹೇಳಿದರು:

"ಮಾಲಕ್ರ, ನಿಮ್ಮ ಪೆಟಗ್ಯಾಗ ಶ್ರುತಿ ಇಳಸೂ ಗುಂಡಿ ಐತಲ್ರಿ. ಗುಂಡಿ ಒತ್ತಿದ್ರ ಆಗೂ ಕೆಲಸಕ್ಕ ಹುಡುಗಿ ಕೊಳ್ಳಾ ಯಾಕ ಹರಿಸ್ತೀರಿ?"

ಮಾಲೀಕರು ಗೊಣಗುತ್ತ ಗುಂಡಿ ಒತ್ತಿದರು. ಚಾಚಾ ಅದೇ ಹಾಡನ್ನು ಕೆಳಗಿನಿಂದ ಹಿಡಿದರು. "ಇಳದ ಬಾರವ್ವ, ಇಲ್ಲಿ ಜಾಗಾ ಐತಿ," ಎಂದರು. ನಾನು ಇಳಿದೆ. ಕಾಲಿಗೆ ನೆಲ ಸಿಕ್ಕಿತು. ಅವರು ಇಟ್ಟ ಒಂದೊಂದು ಸ್ವರದ ಮೇಲೂ ಕಾಲಿಟ್ಟು ನಡೆಯಬಹುದಿತ್ತು. ನನ್ನ ದನಿ ಇಂಥದು ಎಂದು ನನಗೆ ಗೊತ್ತಾದದ್ದು ಆ ಮೆಣಸಿನಕಾಯಿಯ ಘಾಟಿನ ಕೋಣೆಯಲ್ಲಿ. ಕಣ್ಣಲ್ಲಿ ನೀರು ಬಂದದ್ದಕ್ಕೆ ಗಿರಣಿಯ ನೆಪವಿತ್ತು.

ಮಾಲೀಕರಿಗೆ ಆ ಗಿಡ್ಡ ಗಿಟಾರಿನ ಬಗ್ಗೆ ಮಾತ್ರ ನಾಚಿಕೆ. ವೇದಿಕೆಯ ಮೇಲೆ ಶೋಭಿಸುವುದಿಲ್ಲ, ನೋಡಿದವರು ಆಟಿಕೆ ಅನ್ನುತ್ತಾರೆ ಎಂದು, ಹುಬ್ಬಳ್ಳಿಯಿಂದ ಹೊಸದೊಂದು ಬೇಸ್ ತಂದರು. ಕರ್ರಗೆ ಮಿರಿಮಿರಿ ಮಿಂಚುವ, ಉದ್ದ ಕುತ್ತಿಗೆಯ, ಒಳಗೆ ಬ್ಯಾಟರಿ ಇರುವ ಗಿಟಾರು. ಹಿರೇಕೆರೂರಿನ ಒಂದು ಮದುವೆಯಲ್ಲಿ ಚಾಚಾ ಅದನ್ನು ನುಡಿಸಿದರು. ನಿಂತೇ ನುಡಿಸಬೇಕಾಯಿತು. ತುಂಬಿದ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತವರ ಹಾಗೆ ಅವರ ಎಡಗೈ ಚಾಚಿಕೊಂಡಿತ್ತು. ಪ್ರತಿ ಸ್ವರವೂ ಟಣ್ ಎಂದು ಬಂದು, ನಾನೂ ಇದೀನಿ, ನಾನೂ ಇದೀನಿ ಅನ್ನುತ್ತಿತ್ತು. ನನ್ನ ದನಿಗೆ ಕೂರಲು ಜಾಗ ಸಿಗಲಿಲ್ಲ. ಅಕ್ಷತೆ ಮುಗಿದು ಊಟಕ್ಕೆ ಏಳುವಾಗ ಚಾಚಾ ಅದನ್ನು ಚೆನ್ನಾಗಿ ಒರೆಸಿ, ಚೀಲದಲ್ಲಿ ಮಲಗಿಸಿ, ಮಾಲೀಕರ ಕೈಗೆ ಕೊಟ್ಟರು.

"ಕೂಸು ಭಾಳ ಶಾಣೇ ಐತ್ರಿ. ಆದ್ರ ನಮ್ಮನೀದಲ್ಲ," ಎಂದರು.

ಮುಂದಿನ ಕಾರ್ಯಕ್ರಮಕ್ಕೆ ಹುಣಸೆ ಬೀಜದ ಬಣ್ಣದ್ದು ಮತ್ತೆ ಅವರ ತೊಡೆಯ ಮೇಲಿತ್ತು. "ಕಡೀಕೂ ಹಳೇ ಗಂಡನ ಪಾದವೇ ಗತಿ ಆತಲ್ರಿ," ಎಂದು ಪ್ಯಾಡಿನವನು ಕಾಡಿಸಿದ. ಚಾಚಾ ನಕ್ಕು, ಕುರ್ಚಿಯನ್ನು ಇನ್ನಷ್ಟು ಮೂಲೆಗೆ ಎಳೆದುಕೊಂಡರು.

ಆಮೇಲೆ ಆದದ್ದು ಎಲ್ಲ ಆರ್ಕೆಸ್ಟ್ರಾಗಳಿಗೂ ಆದದ್ದೇ. ಮೊದಲು ಕೀಬೋರ್ಡಿನ ಎಡಗೈಯೇ ಬೇಸ್ ಆಯಿತು. ಬಳಿಕ ಲ್ಯಾಪ್‌ಟಾಪ್ ಬಂತು, ಎಲ್ಲ ವಾದ್ಯಗಳೂ ಅದರೊಳಗೇ ಬಂದವು, ನಾವೆಲ್ಲ ಹೊರಗೆ ಬಂದೆವು. ಮಾಲೀಕರು ಇದನ್ನು ಹೇಳಲು ಹಿಂದೆಮುಂದೆ ನೋಡುತ್ತಿದ್ದಾಗ ಚಾಚಾನೇ, "ಇರ್ಲಿ ಬಿಡ್ರಿ, ಎಲಿ ವ್ಯಾಪಾರ ನೋಡ್ಕೋತೇನಿ," ಎಂದು ಗಿಟಾರನ್ನು ಬಗಲಲ್ಲಿ ಇಟ್ಟುಕೊಂಡು ಸವಣೂರಿನ ಬಸ್ಸು ಹತ್ತಿದರು. ನಾನೂ ಕೆಲವು ಕಡೆ, ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕಿನ ಜೊತೆ ಹಾಡಿ ನೋಡಿದೆ. ಟ್ರ್ಯಾಕು ನನಗಾಗಿ ಕಾಯುವುದಿಲ್ಲ, ನಾನು ಉಸಿರು ತೆಗೆದುಕೊಂಡದ್ದು ಅದಕ್ಕೆ ತಿಳಿಯುವುದಿಲ್ಲ. ಹಾಡುವಾಗ ಬಲಗಡೆಯ ಮೂಲೆಗೆ ಕಣ್ಣು ಹೋಗುತ್ತಿತ್ತು. ಅಲ್ಲಿ ಸ್ಪೀಕರಿನ ಸ್ಟ್ಯಾಂಡು ಇರುತ್ತಿತ್ತು. ಹಾಡುವುದನ್ನು ಬಿಟ್ಟೆ. ಯಾರಾದರೂ ಕೇಳಿದರೆ ಮನೆಯ ಜವಾಬ್ದಾರಿ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ, ನನಗೆ ಆ ಗುಂ ಬೇಕಿತ್ತು, ಅದಿಲ್ಲದೆ ಹಾಡು ಬೇಕಿರಲಿಲ್ಲ.

ಕೊನೆಯ ಸಲ ನಾವೆಲ್ಲ ಕೂಡಿದ್ದು ಮಾಲೀಕರ ಮಗಳ ಮದುವೆಯಲ್ಲಿ, ಶಿಗ್ಗಾಂವಿಯ ಕಲ್ಯಾಣ ಮಂಟಪದಲ್ಲಿ. ಹಳೆಯವರೆಲ್ಲ ಸೇರಿ ಒಂದು ಹಾಡಾದರೂ ಆಗಲಿ ಎಂದರು. ಚಾಚಾ ಗಿಟಾರು ತಂದಿದ್ದರು. ಬೆರಳಿನ ಗೆಣ್ಣುಗಳು ಬಾತಿದ್ದವು. "ಉದ್ದಂದಿದ್ರ ಈಗ ಬಾರಸಾಕ ಆಗ್ತಿದ್ದಿಲ್ಲ. ಇದು ನನ್ನ ಕಡಿ ಬರತೈತಿ, ನಾ ಅದರ ಕಡಿ ಹೋಗಬೇಕಾಗಿಲ್ಲ," ಎಂದರು. ಒಂದೇ ಹಾಡು ಹಾಡಿದೆವು. ಅವತ್ತು ಯಾರೋ ಫೋನಿನಲ್ಲಿ ತೆಗೆದದ್ದೇ ಈ ವಿಡಿಯೋ. ಮುಂದಿನ ಚಳಿಗಾಲದಲ್ಲಿ ಚಾಚಾ ಹೋದರು.

ಚಾಚಿಗೆ ಕೊಟ್ಟ ಮಾತಿನಂತೆ ನಾನು ಒಂದು ರವಿವಾರ ಸವಣೂರಿಗೆ ಹೋದೆ. ನಮ್ಮ ಪ್ಯಾಡಿನವನು ಈಗ ಶಿಗ್ಗಾಂವಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ಅವನಿಗೆ ಮೊದಲೇ ಹೇಳಿದ್ದೆ. ಆಳೆತ್ತರದ ಒಂದು ಬಾಕ್ಸನ್ನು ಬಾಡಿಗೆಯ ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದ. ಓಣಿಯ ತಿರುವಿನಲ್ಲಿ ಗಾಡಿ ಹಿಡಿಸದೆ, ನಾವಿಬ್ಬರೂ ಅದನ್ನು ಹೊತ್ತುಕೊಂಡೇ ಮನೆಯೊಳಗೆ ತಂದೆವು. ಚಾಚಿ ಚಹಾ ಇಟ್ಟಿದ್ದರು. ಮಂಚದ ಮೇಲೆ ಕುಳಿತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಾಕ್ಸನ್ನೇ ನೋಡುತ್ತಿದ್ದರು.

ಪ್ಯಾಡಿನವನು ಫೋನಿಗೆ ವೈರು ಸಿಗಿಸಿ ವಿಡಿಯೋ ಹಚ್ಚಿದ. ಮಂದಿಯ ಗದ್ದಲ, ಯಾರದೋ ಕೆಮ್ಮು, ಪ್ಯಾಡಿನ ಎರಡು ಏಟು. ಅದರ ಹಿಂದೆಯೇ ಅದು ಬಂತು. ಕಿಟಕಿಯ ಗಾಜು ಗುಂಯ್ಗುಟ್ಟಿತು. ದಪ್ಪಗೆ, ಮೆತ್ತಗೆ, ನನ್ನ ಹೊಟ್ಟೆಗೇ ಬಂದು ತಾಗಿತು. ನನಗೆ ತಡೆಯಲಾಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಅತ್ತೆ. ಪ್ಯಾಡಿನವನು ತೊಡೆಯ ಮೇಲೆ ತಾಳ ಹಾಕುತ್ತಿದ್ದವನು ಕೈ ನಿಲ್ಲಿಸಿ ಕುಳಿತ.

ಹಾಡು ಅರ್ಧವಾಗಿತ್ತು. ಚಾಚಿ ಕೈಯೆತ್ತಿದರು.

"ಬಂದ್ ಮಾಡಪ್ಪಾ. ಇದು ಅವರ್ದಲ್ಲ."

"ಅವರ್ದ ರೀ ಚಾಚಿ," ಎಂದ ಪ್ಯಾಡಿನವನು. "ನಾ ಬಾಜೂಕ ಕುಂತಿದ್ನಲ್ಲ. ಇದ ದನಿ."

"ಇರಬೌದು. ನೀವು ಕೇಳಿದ್ದು ಇದ ಇರಬೌದು." ಚಾಚಿ ಅವನಿಗೆ ಬೇಸರವಾಗದ ಹಾಗೆ ಮೆಲ್ಲಗೆ ಹೇಳಿದರು. "ನಾ ಒಂದ ಸಲಾನೂ ನಿಮ್ಮ ಪ್ರೋಗ್ರಾಂಗೆ ಬಂದಿಲ್ಲಪ್ಪಾ. ಮನ್ಯಾಗ ಇಂಥಾ ಡಬ್ಬಿ ಇದ್ದಿಲ್ಲ."

ಆಗ ನನಗೆ ಹೊಳೆಯಿತು. ದನಿ ದೊಡ್ಡದು ಮಾಡುವ ಪೆಟ್ಟಿಗೆ ಆರ್ಕೆಸ್ಟ್ರಾದ್ದು, ಅದು ಹಾನಗಲ್ಲಿನಲ್ಲೇ ಇರುತ್ತಿತ್ತು. ಕರೆಂಟಿನ ಗಿಟಾರನ್ನು ಪೆಟ್ಟಿಗೆಗೆ ಹಚ್ಚದೆ ಬಾರಿಸಿದರೆ, ಪಕ್ಕದಲ್ಲಿ ಕುಳಿತವರಿಗೂ ಸರಿಯಾಗಿ ಕೇಳುವುದಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಚಾಚಿಗೆ ಸಿಕ್ಕದ್ದು ಆ ಒಣ ತಂತಿಯ ದನಿ.

ಚಾಚಿ ಎದ್ದು ಒಳಗೆ ಹೋಗಿ ಗಿಟಾರು ತಂದರು. ಹಳೆಯ ದುಪ್ಪಟಿಯಲ್ಲಿ ಸುತ್ತಿತ್ತು. ಬಿಚ್ಚಿ, ನನ್ನನ್ನು ಮಂಚದ ಒಂದು ತುದಿಗೆ ಕೂರಿಸಿ, ಗಿಟಾರಿನ ತಲೆಯನ್ನು ಅಲ್ಲಿನ ಹಲಗೆಗೆ ಒತ್ತಿ ಆನಿಸಿ, ಬುಡವನ್ನು ನನ್ನ ತೊಡೆಯ ಮೇಲಿಟ್ಟರು. ಅಷ್ಟು ವರ್ಷ ಅದರ ಮುಂದೆ ನಿಂತು ಹಾಡಿದ್ದೆ, ಒಮ್ಮೆಯೂ ಮುಟ್ಟಿರಲಿಲ್ಲ. ಹಗುರವಾಗಿತ್ತು, ತಾನಾಗಿಯೇ ಮಡಿಲಲ್ಲಿ ಕುಳಿತುಕೊಂಡಿತು.

"ಹಿಂಗ ಮಂಚಕ್ಕ ಹಚ್ಚಿ ಕುಂದರತಿದ್ರು. ನಾ ಆ ತುದಿಗೆ ಎಲಿ ಆರಿಸ್ಕೋತ ಕುಂತಿರತಿದ್ನಿ. ಕಿವೀಗೆ ಬರತಿದ್ದಿಲ್ಲ, ಬೆನ್ನಿಗೆ ಬರತಿತ್ತು," ಎಂದರು. "ಪ್ರೋಗ್ರಾಂ ಇದ್ದಾಗ ಮಂಚ ಸುಮ್ಮನ ಇರತಿತ್ತು. ಈಗ ನೀವು ಕೇಳಸಿದ್ದು ಅವರು ಹೊರಗ ಹೋದಾಗಿನ ದನಿ ಬೇಟಾ. ಅದನ್ನ ಕೇಳಿ ನಾ ಏನ ಮಾಡ್ಲಿ?"

ಮಂಚದ ಇನ್ನೊಂದು ತುದಿಗೆ ಹೋಗಿ, ಹಲಗೆಗೆ ಬೆನ್ನು ಕೊಟ್ಟು ಕುಳಿತರು. "ದಪ್ಪನ ತಂತಿ ಎಳಿ," ಎಂದರು.

ನಾನು ಹೆಬ್ಬೆರಳಿನಿಂದ ಎಳೆದೆ. ಕೋಣೆಯಲ್ಲಿ ಕೇಳಿಸಿಯೂ ಕೇಳಿಸದಷ್ಟು ಒಣ ಸಪ್ಪಳ. ಪ್ಯಾಡಿನವನು ಬಾಗಿಲ ಬಳಿ ನಿಂತು ಕಿವಿ ಚಾಚಿ ನನ್ನ ಮುಖ ನೋಡಿದ. ಆದರೆ ನಾನು ಕುಳಿತಿದ್ದ ಮಂಚದ ಕಟ್ಟಿಗೆಯಲ್ಲಿ ಏನೋ ಸಣ್ಣಗೆ ಹರಿದು, ಬೆನ್ನಿನ ಮೂಳೆಗೆ ತಾಗಿ ಆರಿತು. ಚಾಚಿ ಕಣ್ಣು ಮುಚ್ಚಿದ್ದರು. ನಾನು ಮತ್ತೊಮ್ಮೆ ಎಳೆದೆ.

"ಹಾಂ," ಎಂದರು ಚಾಚಿ. "ಈಗ ಮನ್ಯಾಗ ಅದಾರ."

ಹೊರಗೆ ಟಂಟಂನವನು ಹೊತ್ತಾಯಿತೆಂದು ಹಾರ್ನ್ ಬಾರಿಸಿದ. ಪ್ಯಾಡಿನವನು ಹೋಗಿ ಅವನನ್ನು ಕಳಿಸಿ ಬಂದ. ನಾನು ಅದೇ ತಂತಿಯನ್ನು ಎಳೆಯುತ್ತ ಕುಳಿತೆ.